ಬೆವರು ಕುಡಿದ ಜಾಕೀಟು

ಫರ್ದೀನನಿಗೆ ಸೈಕಲ್ ಹುಚ್ಚು ಹತ್ತಿದ್ದು ಎರಡು ವರ್ಷದ ಹಿಂದೆ. ಆ ಹುಚ್ಚನ್ನ ಎದುರಂಗಡಿ ವೀರಬಸಪ್ಪನೋರಿಗೂ ಹಚ್ಚಿಸಿದ್ದು ಹೋದ ಮಳೆಗಾಲ ಮುಗಿದ ಮೇಲೆ. ಈಗ ಕೇಳಿದ್ರೆ, ಹಚ್ಚಿಸಬಾರದಿತ್ತು ಅಂತ ಅವನು ಹೇಳಲ್ಲ. ಆ ಜಾಕೀಟು ಹೊಲಿಬಾರದಿತ್ತು ಅಂತಾನೆ. ಆಮೇಲೆ ಬಾಯಿನೂ ಬಿಡಬಾರದಿತ್ತು ಅಂತಾನೆ.

ಶಿಕಾರಿಪುರದ ಪೇಟೇಲಿ ಫರ್ದೀನನ ಅಪ್ಪ ಮುನೀರ್ ಅಹ್ಮದರದ್ದು ಗಾದಿ ಅಂಗಡಿ. ಹತ್ತಿ ಹಿಂಜೋದು, ಗಾದಿ ತುಂಬೋದು, ದಿಂಬು ಹೊಲಿಯೋದು, ಮೂರು ತಲೆಮಾರಿಂದ ಇದೇ ಕಸುಬು. ರಸ್ತೆ ಈಚೆ ಹತ್ತಿ ಹಾರ್ತಿದ್ರೆ ಆಚೆ ಸ್ಟೀಲು ಮಿಂಚ್ತಿರುತ್ತೆ, ಅದು ವೀರಬಸಪ್ಪನೋರ ಪಾತ್ರೆ ಅಂಗಡಿ. ಅರವತ್ತೊಂದು ವರ್ಷದ ಮನುಷ್ಯ. ಶುಗರ್ ಇಲ್ಲ, ಬಿಪಿ ಇಲ್ಲ, ಇದ್ದದ್ದು ಒಂದೇ ಕಾಟ: ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ಮೂರು ವರ್ಷದಿಂದ ಅದೇ ಕತೆ. ಡಾಕ್ಟ್ರು ಆಯ್ತು, ಕಷಾಯ ಆಯ್ತು, ಯಾವುದಕ್ಕೂ ಜಗ್ಗಲಿಲ್ಲ.

"ಎರಡು ಗಂಟೆಗೆ ಎದ್ದು ಮನೆ ತುಂಬ ತಿರುಗ್ತಾರೆ ಕಣಪ್ಪ. ಲೈಟ್ ಹಾಕ್ತಾರೆ, ಆರಿಸ್ತಾರೆ, ಮತ್ತೆ ಹಾಕ್ತಾರೆ. ನಾನೇನು ಮನುಷ್ಯಳೋ ಕರೆಂಟ್ ಮೀಟ್ರೋ" ಅಂತ ಅವರ ಹೆಂಡತಿ ಜಗದಾಂಬ ಒಂದಿನ ಅಂಗಡಿ ಮುಂದೆ ನಿಂತು ದೂರ್ತಿದ್ರು. ಫರ್ದೀನ್ ನಡುವೆ ಬಾಯಿ ಹಾಕ್ದ.

"ಹೆಂಗೂ ಎದ್ದೇ ಇರ್ತೀರಲ್ಲ ಕಾಕಾ. ಶನಿವಾರ ನಮ್ ಜೊತೆ ಬರ್ರಿ."

ನಮ್ ಜೊತೆ ಅಂದ್ರೆ ಫರ್ದೀನ್ ಮತ್ತೆ ಮನೆಮನೆಗೆ ಪೇಪರ್ ಹಾಕೋ ಮಹಾಂತೇಶ, ಇಬ್ಬರೇ. ಭಾನುವಾರ ಮಾತ್ರ ಮಹಾಂತೇಶನ ಬದಲು ಅವನ ತಮ್ಮ ಪೇಪರ್ ಹಾಕ್ತಿದ್ದ. ಶನಿವಾರ ರಾತ್ರಿ ಎರಡಕ್ಕೆ ಹೊರಟು, ಅಂಬ್ಲಿಗೊಳದ ಕಡೆಗೋ ತೊಗರ್ಸಿಗೋ ಹೋಗಿ ಬೆಳಗಾದ ಮೇಲೆ ವಾಪಸ್. ವೀರಬಸಪ್ಪನೋರು ನಕ್ಕು ಬಿಡ್ತಾರೆ ಅಂದ್ಕೊಂಡಿದ್ದ. ಅವರು ಅಟ್ಟದ ಮೇಲಿಂದ ಹಳೇ ಸೈಕಲ್ ಇಳಿಸಿದ್ರು. ಮೊದಲ ಸಲ ಎಂಟು ಕಿಲೋಮೀಟ್ರಿಗೆ ಸುಸ್ತಾದ್ರು. ಆದ್ರೆ ಆ ಭಾನುವಾರ ರಾತ್ರಿ ಹತ್ತಕ್ಕೆ ಮಲಗಿದೋರು ಸೋಮವಾರ ಆರಕ್ಕೆ ಎದ್ರು. ಬುಧವಾರದ ತನಕ ಅದೇ ನಿದ್ದೆ. ಜಗದಾಂಬ ಫರ್ದೀನನಿಗೆ ಒಂದು ಡಬ್ಬಿ ಶೇಂಗಾ ಹೋಳಿಗೆ ಕಳಿಸಿದ್ರು, ಒಂದೇ ಒಂದು ಷರತ್ತು ಹಾಕಿದ್ರು: ತಾವೇ ಹೆಣೆದ ಉಣ್ಣೆ ಸ್ವೆಟರ್ ಹಾಕ್ಕಂಡೇ ಅವರು ಹೊರಡಬೇಕು.

ಡಿಸೆಂಬರ್ ಬಂತು, ಚಳಿ ಹಲ್ಲು ಕಡಿಸ್ತು. ಫರ್ದೀನ್ ಮೊಬೈಲಲ್ಲಿ ಓದಿದ್ದೇ ಓದಿದ್ದು. ಶೂ ಒಳಗೆ ಪ್ಲಾಸ್ಟಿಕ್ ಕವರ್, ಕಿವಿಗೆ ಮಫ್ಲರ್, ಬಾಟ್ಲಲ್ಲಿ ಶುಂಠಿ ಹಾಕಿದ ಬಿಸಿನೀರು, ಇಳಿಜಾರಿಗೆ ಮೊದ್ಲು ಜಿಪ್ ಏರಿಸೋದು, ಏರಿಗೆ ಮೊದ್ಲು ಇಳಿಸೋದು, ಎಲ್ಲ ಬಾಯಿಪಾಠ. ಮಹಾಂತೇಶ ಏನೂ ಓದಲಿಲ್ಲ, ಅಂಗಿ ಒಳಗೆ ಎದೆಗೆ ನಾಲ್ಕು ಪೇಪರ್ ಸಿಕ್ಕಿಸ್ಕೊಂಡು ಬಂದ.

"ನಿನ್ನೆ ಪೇಪರ್ರೋ ಇವತ್ತಿಂದೋ?" ಅಂತ ವೀರಬಸಪ್ಪ ಕೇಳಿದ್ರು.

"ಇವತ್ತಿಂದು ಹಾಕ್ಕಂಡ್ರೆ ಗಿರಾಕಿ, ನಮ್ ಪೇಪರ್ ನಿಮ್ಮಪ್ಪ ಕೊಡ್ತಾನಾ ಅಂತಾರೆ ಕಾಕಾ. ಹಳೇದೇ ಬೆಚ್ಚಗೆ."

ಫರ್ದೀನನಿಗೆ ಇದು ಸರಿ ಬರ್ಲಿಲ್ಲ. ಹತ್ತಿ ಅಂಗಡಿ ಹುಡುಗ ಇರೋವಾಗ ಯಾರಾದ್ರೂ ಪೇಪರ್ ಹೊದ್ಕೊಳ್ತಾರಾ? ಸಂಕ್ರಾಂತಿಗೆ ಮುಂಚೆ ಸೊರಬ ಹಾದು ಚಂದ್ರಗುತ್ತಿಗೆ ದೊಡ್ಡ ಸವಾರಿ ಅಂತ ಮಾತಾಗಿತ್ತು, ಗುಡ್ಡದ ಬುಡದಲ್ಲಿ ಸೂರ್ಯ ಹುಟ್ಟೋ ಹೊತ್ತಿಗೆ ಫೋಟೋ. ಅದಕ್ಕೆ ಮೂರು ಜಾಕೀಟು ಹೊಲಿದ. ತೋಳಿಲ್ಲದ್ದು, ಕತ್ತಲಲ್ಲೂ ಕಾಣೋ ಹಳದಿ ಬಟ್ಟೆ, ಒಳಗೆ ಹೊಸದಾಗಿ ಹಿಂಜಿದ ಹತ್ತಿ, ಮೇಲೆ ಗಾದಿಗೆ ಹಾಕೋ ಹಾಗೆ ಚೌಕ ಚೌಕ ಹೊಲಿಗೆ. ಮೂರು ರಾತ್ರಿ ಕೂತಿದ್ದ.

ಮುನೀರ್ ಅಹ್ಮದ್ ಒಂದನ್ನ ಕೈಯಲ್ಲಿ ಹಿಡಿದು ತೂಗಿ ನೋಡಿದ್ರು. "ಹೊಲಿಗೆ ಚಂದ ಐತೆ. ಆದ್ರೆ ನಮ್ ಹತ್ತಿ ಮಲಗಿರೋ ಮನುಷ್ಯನಿಗೆ ಬೇಟಾ. ಬೆವರೋ ಮನುಷ್ಯನ ಮೈಮೇಲೆ ಹಾಕಿದ್ರೆ ಬೆವರೆಲ್ಲ ಕುಡಿದು ಕೂತ್ಕಳ್ತದೆ, ಬಿಡಲ್ಲ."

"ನೀವು ಯಾವತ್ತು ಸೈಕಲ್ ತುಳಿದೀರಿ ಅಬ್ಬಾ?"

"ಸೈಕಲ್ಲಿಗೆ ಹತ್ತಿ ಹಿಂಜೋ ಬಿಲ್ಲು ಕಟ್ಕಂಡು ಇಪ್ಪತ್ತು ವರ್ಷ ಸೊರಬದ ಹಳ್ಳಿಹಳ್ಳಿ ಸುತ್ತಿದೀನಿ. ಮೈಮೇಲೆ ಕುರಿ ಕಂಬಳಿ ಇರ್ತಿತ್ತು. ಹತ್ತಿ ಎಲ್ಲಾ ಕ್ಯಾರಿಯರ್ ಮೇಲೆ."

ಫರ್ದೀನ್ ನಕ್ಕ. ಅಪ್ಪಂದು ಹಳೇ ಕಾಲ ಅಂದ್ಕೊಂಡ. ಆ ನಗು ನೆನಪಾದಾಗ ಈಗ್ಲೂ ಅವನ ಕಿವಿ ಬಿಸಿಯಾಗುತ್ತೆ.

ಹೊರಡೋ ರಾತ್ರಿ ವೀರಬಸಪ್ಪನೋರು ಸ್ವೆಟರ್ ಹಾಕ್ಕೊಂಡೇ ಬಂದ್ರು. ಅದರ ಮೇಲೆ ಜಾಕೀಟಿನ ಗುಂಡಿ ಕೂರ್ಲಿಲ್ಲ.

"ಸ್ವೆಟರ್ ಬಿಚ್ಚಿಡ್ರಿ ಕಾಕಾ. ಇದೇ ಬೇಕಾದಷ್ಟು ಬೆಚ್ಚಗಿರುತ್ತೆ."

"ಅವಳು ಬೈತಾಳೆ ಕಣೋ."

"ಅವ್ರಿಗೆ ಹೆಂಗೆ ಗೊತ್ತಾಗುತ್ತೆ? ಫೋಟೋದಲ್ಲಿ ಮೂರೂ ಜನ ಒಂದೇ ಥರ ಕಾಣ್ಬೇಕು."

ಅವರು ತಮ್ಮ ಮನೆ ಕಡೆ ಒಂದ್ಸಲ ನೋಡಿದ್ರು. ಆಮೇಲೆ ಸ್ವೆಟರ್ ತೆಗೆದು, ಮಡಚಿ, ತಮ್ಮ ಅಂಗಡಿ ಬಾಗಿಲು ಅರ್ಧ ಎತ್ತಿ ಒಳಗಿಟ್ಟು ಬಂದ್ರು.

ಶಿರಾಳಕೊಪ್ಪದ ತನಕ ಮಜವೋ ಮಜ. ಜಾಕೀಟು ಒಲೆ ಥರ ಕಾಯ್ತಿತ್ತು. ಅಲ್ಲಿಂದ ಮುಂದೆ ರಸ್ತೆ ಏರಿ ಇಳಿದು ಏರಿ ಇಳಿದು ಹೋಗುತ್ತೆ, ಮೂವರೂ ಚೆನ್ನಾಗಿ ಬೆವರಿದ್ರು. "ನಿನ್ ಹತ್ತಿ ಭರ್ಜರಿ ಕಣಲೇ" ಅಂತ ವೀರಬಸಪ್ಪ ಅಂದಿದ್ದು ಕೇಳಿ ಫರ್ದೀನ್ ಇನ್ನೂ ಜೋರಾಗಿ ತುಳಿದ. ಐದಕ್ಕೆ ಸೊರಬ. ಚಾ ಅಂಗಡಿ ಆಗಷ್ಟೇ ತೆಗೆದಿತ್ತು. ಹತ್ತು ನಿಮಿಷ ಅಂತ ನಿಂತೋರು ಮುಕ್ಕಾಲು ಗಂಟೆ ನಿಂತ್ರು, ಯಾಕಂದ್ರೆ ಫರ್ದೀನ್ ಜಾಕೀಟಿನ ವಿಡಿಯೋ ಮಾಡ್ತಿದ್ದ. ಬೆವರಿದ ಮೈ ನಿಲ್ಲಿಸಬಾರದು ಅನ್ನೋದೂ ಅವನ ಬಾಯಿಪಾಠದಲ್ಲಿತ್ತು.

ಚಂದ್ರಗುತ್ತಿ ರಸ್ತೆಗೆ ಬಿದ್ದಾಗ ಮಂಜು ಹೇಗಿತ್ತು ಅಂದ್ರೆ ಮುಂದಿನ ಸೈಕಲ್ಲಿನ ಹಳದಿನೂ ಕಾಣ್ತಿರ್ಲಿಲ್ಲ. ಎದೆ ಮೇಲಿನ ಹತ್ತಿ ಒದ್ದೆ ಗೋಣಿಚೀಲ ಆಗಿತ್ತು. ಫರ್ದೀನನಿಗೂ ಚಳಿ ಆಗ್ತಿತ್ತು, ಆದ್ರೆ ಅವನು ಇಪ್ಪತ್ನಾಲ್ಕರ ಹುಡುಗ, ತುಳಿದು ಕಾವು ತರಿಸ್ಕೊಂಡ. ನಾಲ್ಕನೇ ಕಿಲೋಮೀಟ್ರಲ್ಲಿ, ಪಕ್ಕದಲ್ಲೇ ಬರ್ತಿದ್ದ ವೀರಬಸಪ್ಪನೋರ ಹ್ಯಾಂಡ್ಲು ನಡುಗ್ತಿತ್ತು. ಆರನೇದರಲ್ಲಿ ನಡುಕ ನಿಂತಿತು. ಹಾಂ, ಕಾಕಾಗೆ ಬೆಚ್ಚಗಾಯ್ತು ಅಂದ್ಕೊಂಡ ಫರ್ದೀನ್. ಅಷ್ಟರಲ್ಲಿ ಅವರು ಸೈಕಲ್ಲಿಂದ ಇಳಿದು, ರಸ್ತೆ ಪಕ್ಕ ಕೂತು, ತೊದಲಿದ್ರು: "ಅಂಗಡಿ ಬಾಗ್ಲು ಹಾಕು... ಜನ ಬರ್ತಾರೆ."

ಮಹಾಂತೇಶ ಸೈಕಲ್ ಬಿಸಾಕಿ ಓಡಿಬಂದ. ಒದ್ದೆ ಜಾಕೀಟು ಕಿತ್ತು, ಜಾಕೀಟಿದ್ರೂ ಬಿಡದೆ ತನ್ನ ಅಂಗಿ ಒಳಗೆ ಸಿಕ್ಕಿಸ್ಕೊಂಡಿದ್ದ ಪೇಪರ್ ತೆಗೆದು ಅವರ ಎದೆಗೆ ಬೆನ್ನಿಗೆ ಸುತ್ತಿ, ಬ್ಯಾಗಲ್ಲಿದ್ದ ಜರ್ಕಿನ್ ತೊಡಿಸಿದ. "ನೋಡ್ತಾ ನಿಂತ್ಯಲ್ಲೋ, ತಬ್ಕಳೋ ಅವ್ರನ್ನ" ಅಂದ. ಫರ್ದೀನ್ ತಬ್ಕೊಂಡ. ಹಾಲಿನ ಗಾಡಿ ಬರೋ ತನಕ ತಬ್ಕೊಂಡೇ ಕೂತಿದ್ದ.

ಸೊರಬದ ಆಸ್ಪತ್ರೆಯಲ್ಲಿ ಮೈ ಕಾಯಿಸಿ ಉಳಿಸಿದ್ರು. ಆದ್ರೆ ಎರಡು ದಿನಕ್ಕೆ ಜ್ವರ ಏರಿ ನ್ಯುಮೋನಿಯಾ ಆಯ್ತು. ಹನ್ನೊಂದು ದಿನ ಹಾಸಿಗೆ. ಮೊದಲನೇ ದಿನವೇ ಜಗದಾಂಬ ಅಂಗಡಿಯಲ್ಲಿ ಸ್ವೆಟರ್ ಕಂಡಿದ್ರು.

"ಬಿಟ್ಟು ಹೋಗಿದೀರಲ್ಲ, ಯಾಕೆ?"

ವೀರಬಸಪ್ಪ ಮಂಚದ ಮೇಲಿಂದ ಫರ್ದೀನನ ಕಡೆ ನೋಡ್ಲೇ ಇಲ್ಲ. "ಸೆಕೆ ಅನ್ನಿಸ್ತು. ನಾನೇ ಬಿಟ್ಟೆ."

ಎಳನೀರು ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದ ಫರ್ದೀನ್. ಆಗ ಒಂದು ಮಾತು ಹೇಳಿದ್ರೆ ಸಾಕಿತ್ತು. ಹೇಳ್ಲಿಲ್ಲ. ಎಳನೀರು ಕೆಳಗಿಟ್ಟು ಬಂದ.

ಆಮೇಲೆ ಆರು ವಾರ. ಎದುರಂಗಡಿಯಿಂದ ಬೈಗುಳ ದಿನಾ ಕೇಳ್ತಿತ್ತು. "ಅರವತ್ತಾದ್ರೂ ಬುದ್ಧಿ ಇಲ್ಲ, ಮೊಂಡು." ವೀರಬಸಪ್ಪ ತಲೆ ತಗ್ಗಿಸಿ ಲೋಟ ಒರೆಸ್ತಿದ್ರು. ಒಂದು ಶನಿವಾರ ರಾತ್ರಿ ಮಹಾಂತೇಶನ ಜೊತೆ ಹೊರಟಾಗ ಅವರ ಮನೆ ಕಿಟಕಿಯಲ್ಲಿ ಲೈಟ್ ಹತ್ತಿತು, ಆರಿತು, ಮತ್ತೆ ಹತ್ತಿತು. ಫರ್ದೀನನಿಗೆ ತುಳಿಯೋಕಾಗ್ಲಿಲ್ಲ. ಅಲ್ಲಿಂದಲೇ ವಾಪಸ್ ಬಂದ. ನಿಜ ಹೇಳಿದ್ರೆ ಬೈಗುಳನಾದ್ರೂ ನಿಲ್ಲುತ್ತೆ, ಕಾಕಾನ್ನ ಮತ್ತೆ ಸೈಕಲ್ ಹತ್ತೋಕೆ ಬಿಡ್ತಾರೆ, ಅಂತ ರಾತ್ರಿಯೆಲ್ಲ ಲೆಕ್ಕ ಹಾಕ್ದ.

ಸೋಮವಾರ ಮಧ್ಯಾಹ್ನ ಜಗದಾಂಬ ಒಬ್ಬರೇ ಇದ್ದಾಗ ಹೋದ.

"ಅಮ್ಮಾರೇ, ಕಾಕಾ ಸ್ವೆಟರ್ ಹಾಕ್ಕಂಡೇ ಬಂದಿದ್ರು."

ಅವರು ಕೊಡದ ಮೇಲಿನ ಧೂಳು ಒರೆಸೋದು ನಿಲ್ಲಿಸಿದ್ರು.

"ನಾನೇ ಬಿಚ್ಚಿಸಿದೆ. ಜಾಕೀಟು ಕೂರ್ತಿರ್ಲಿಲ್ಲ ಅಂತ. ಫೋಟೋಕ್ಕೆ."

"ಫೋಟೋಕ್ಕೆ" ಅಂದ್ರು ಅವರು.

"ಹೂಂ."

"ಅವರು ಬೇಡ ಅನ್ಲಿಲ್ವಾ?"

"ಅಂದ್ರು. ನೀವು ಬೈತೀರಿ ಅಂದ್ರು. ನಾನೇ ಒತ್ತಾಯ ಮಾಡ್ದೆ."

ಜಗದಾಂಬ ಆ ಕೊಡವನ್ನ ಅದರ ಜಾಗದಲ್ಲಿಟ್ರು. "ಊಟ ಮಾಡಿದ್ಯಾ?" ಅಂತ ಕೇಳಿದ್ರು. ಇಲ್ಲ ಅಂದ. "ಹೋಗಿ ಮಾಡು." ಅಷ್ಟೇ. ಫರ್ದೀನ್ ರಸ್ತೆ ದಾಟೋವಾಗ ಎದೆ ಮೇಲಿಂದ ಒಂದು ಮೂಟೆ ಇಳಿದ ಹಾಗಿತ್ತು. ಮನೆಗೆ ಹೋಗಿ ಎರಡು ರೊಟ್ಟಿ ಜಾಸ್ತಿ ತಿಂದ.

ಮಾರನೇ ದಿನ ಬೈಗುಳ ಕೇಳ್ಲಿಲ್ಲ. ಸಂಜೆ ವೀರಬಸಪ್ಪನೋರು ಕೈಬೀಸಿ ಕರೆದ್ರು. ಹೋಗಿ ಪಕ್ಕದಲ್ಲಿ ಕೂತ.

"ನಿನ್ನೆ ಬಂದಿದ್ಯಂತೆ."

"ಹೂಂ ಕಾಕಾ. ತಡ ಮಾಡಿದ್ದು ನನ್ ತಪ್ಪು."

"ಯಾರು ಹೇಳು ಅಂದ್ರು ನಿನಗೆ?"

ಫರ್ದೀನ್ ಅವರ ಮುಖ ನೋಡಿದ. ಸಿಟ್ಟಿರ್ಲಿಲ್ಲ. ಕಣ್ಣ ಕೆಳಗೆ ಕಪ್ಪಗಿತ್ತು.

"ನಾನು ಮೊಂಡ ಅಂತ ಅವಳು ನಲವತ್ತು ವರ್ಷದಿಂದ ಬೈತಾಳೆ, ನಲವತ್ತು ವರ್ಷದಿಂದ ಕ್ಷಮಿಸ್ತಾಳೆ. ಶಿವರಾತ್ರಿ ಕಳೀಲಿ, ಚಳಿ ಹೋಗ್ಲಿ, ಆಮೇಲೆ ಹೋಗ್ರಿ ಅಂತ ಹೋದ ವಾರ ಅಂದಿದ್ಲು. ಈಗ ಏನಂತಾಳೆ ಗೊತ್ತಾ? ನಿಮ್ ಮೊಂಡುತನ ಆದ್ರೆ ನಾನು ಕಾಯ್ಕಳ್ತಿದ್ದೆ, ಬೇರೆಯೋರ ಮಾತು ಕೇಳೋ ಗಂಡನ್ನ ಎಲ್ಲಿ ಅಂತ ಕಾಯ್ಲಿ. ಇನ್ಮೇಲೆ ಆ ಹುಡುಗ್ರ ಜೊತೆ ಒಂದು ಹೆಜ್ಜೆನೂ ಇಲ್ಲ."

"ನಾನು ಮತ್ತೆ ಮಾತಾಡ್ತೀನಿ ಕಾಕಾ."

"ಮಾತಾಡಿದ್ದು ಸಾಕು ಮಾರಾಯ." ಅವರು ಮೊಣಕಾಲು ನೀವ್ಕೊಂಡ್ರು. ಆಮೇಲೆ ಕೇಳಿದ್ರು, "ಈ ಶನಿವಾರ ಎಲ್ಲಿಗೆ?"

ತೊಗರ್ಸಿಗೆ ಅಂತ ಮಹಾಂತೇಶನ ಜೊತೆ ಮಾತಾಗಿತ್ತು. "ಎಲ್ಲೂ ಇಲ್ಲ ಕಾಕಾ. ಬಿಟ್ಟಿದೀವಿ."

ವೀರಬಸಪ್ಪ ಅವನನ್ನೇ ನೋಡಿದ್ರು. "ಇಷ್ಟು ಚಂದ ಸುಳ್ಳು ಹೇಳೋಕೆ ಬರುತ್ತಲ್ಲೋ. ನಿನ್ನೆ ಏನಾಗಿತ್ತು ನಿನಗೆ?"

ಅಷ್ಟರಲ್ಲಿ ಯಾರೋ ಕುಕ್ಕರಿನ ರಬ್ಬರ್ ಕೇಳ್ಕೊಂಡು ಬಂದ್ರು. ಯಾವ ಸೈಜು ಅಂತ ವಿಚಾರಿಸ್ತಾ ವೀರಬಸಪ್ಪನೋರು ಗೋಡೆ ಹಿಡ್ಕೊಂಡು ನಿಧಾನಕ್ಕೆ ಎದ್ದು ಒಳಗೆ ಹೋದ್ರು.