ದೌಲತರಾಯರು ಮಾಡಿಟ್ಟ ಹಲ್ಲು

ಸುದ್ದಿ ತಂದವನು ಲಾಡ್ಲೆಸಾಬ. ಅಫಜಲಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಆತ ಅತನೂರಿನ ಸೈದಪ್ಪನಿಗೆ ಹಳೆಯ ದೋಸ್ತ. ಬಸ್ಸಿಳಿದವನೇ ಮನೆಗೂ ಹೋಗದೆ ಸೀದಾ ಹೊಲಕ್ಕೆ ಬಂದ. ಸೈದಪ್ಪ ಎತ್ತುಗಳ ಮುಂದೆ ಜೋಳದ ಕಣಕಿ ಹಾಕುತ್ತಿದ್ದ.

“ಸೈದಪ್ಪಾ, ನಮ್ಮ ಹಲ್ಲಿನ ಸಾಹೇಬ್ರು ಹೋಗಿಬಿಟ್ರಲ್ಲೋ. ನಿನ್ನೆ ಜೇವರ್ಗಿ ಕ್ಯಾಂಪಿನಾಗ ಒಬ್ಬ ಮುದುಕಿ ಬಾಯಿ ನೋಡಾಕತ್ತಿದ್ರಂತ. ಎದಿ ಹಿಡಕೊಂಡು ಕುಂತವ್ರು ಮತ್ತ ಏಳಲಿಲ್ಲಂತ.”

ಸೈದಪ್ಪ ಕಣಕಿಯ ಸಿವುಡನ್ನು ಅಲ್ಲೇ ಕೆಳಗಿಟ್ಟು ಬದುವಿನ ಮೇಲೆ ಕುಳಿತುಬಿಟ್ಟ. ಅವನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ತುಟಿಗಳು ಒಳಗೆ ಸರಿದು ಮುಖ ಚಿಕ್ಕದಾಗಿತ್ತು.

ದೌಲತರಾಯರು ಆಳಂದದವರು. ಕಲಬುರ್ಗಿಯಲ್ಲಿ ಹಲ್ಲಿನ ಡಾಕ್ಟರರಾಗುವವರಿಗೆ ಪಾಠ ಹೇಳುವ ಪ್ರೊಫೆಸರು. ಕಟ್ಟಿಸಿದ ಹಲ್ಲು ಹಾಕಿಕೊಂಡವರು ರೊಟ್ಟಿ ತಿಂದರಷ್ಟೇ ಸಾಲದು, ಅವರ ಮಾತೂ ಮೊದಲಿನ ಹಾಗೆ ಬರಬೇಕು ಎಂಬುದು ಅವರ ಹಟ. ಅವರ ಸಂಶೋಧನೆಯೂ ಅದರ ಮೇಲೆಯೇ. ರವಿವಾರ ಬಂದರೆ ಅಫಜಲಪುರ, ಜೇವರ್ಗಿ, ಆಳಂದ ಎಂದು ತಿರುಗಿ, ಶಾಲೆಯ ಕೋಣೆಗಳಲ್ಲಿ ಕ್ಯಾಂಪು ಹಾಕಿ ಮುದುಕ ಮುದುಕಿಯರ ಬಾಯಿಯ ಅಚ್ಚು ತೆಗೆಯುತ್ತಿದ್ದರು.

ಸೈದಪ್ಪ ಆ ಭಾಗದಲ್ಲಿ ಹೆಸರಾದ ಭಜನೆಗಾರನಾಗಿದ್ದ. ತತ್ವಪದ ಎತ್ತಿದರೆ ಅಮಾವಾಸ್ಯೆಯ ದಿನ ಮಠದ ಅಂಗಳ ತುಂಬುತ್ತಿತ್ತು; ಹಿರೋಳ್ಳಿ ಕಡೆಯಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಐವತ್ತು ದಾಟುತ್ತಲೇ ಹಲ್ಲುಗಳು ಅಲುಗಾಡಿ ಒಂದೊಂದಾಗಿ ಬಿದ್ದವು. ದನಿ ಇತ್ತು, ಮಾತು ಕರಗಿತು. ಹೆಂಡತಿ ಸಾಬಮ್ಮ ಬೆನ್ನು ಹತ್ತಿ ಅವನನ್ನು ಅಫಜಲಪುರದ ಕ್ಯಾಂಪಿಗೆ ಕರೆದೊಯ್ದಳು.

ದೌಲತರಾಯರು ಅವನನ್ನು ನೋಡಿ ಎಳೆಯ ಹುಡುಗನ ಹಾಗೆ ಹಿಗ್ಗಿದ್ದರು. “ಕಾಕಾ, ನಿಮ್ಮಂಥಾ ಹಾಡೋ ಮನಿಷಾನ್ನ ನಾ ಹುಡುಕಾಕತ್ತಿದ್ದೆ. ನಿಮ್ಮ ಬಾಯಾಗ ಹಲ್ಲ ಸರಿ ಕುಂತ್ರ ಯಾರ ಬಾಯಾಗರೆ ಕೂಡ್ತಾವ.” ಅವರ ಶಿಷ್ಯೆ ಮೆಹರಾಜಬೇಗಂ ಪಕ್ಕದಲ್ಲಿ ಮೇಣ ಕಾಸುತ್ತಿದ್ದಳು. ಎರಡು ಮೂರು ರವಿವಾರಗಳಲ್ಲಿ ಹಲ್ಲು ತಯಾರಾದವು. ಸಾಬಮ್ಮ ಕನ್ನಡಿ ಹಿಡಿದಳು. ಸೈದಪ್ಪನಿಗೆ ತನ್ನ ಮುಖವೇ ತನಗೆ ವಾಪಸು ಬಂದಂತಾಯಿತು. “ಒಂದ್ ಹದಿನೈದ್ ದಿನ ಮನ್ಯಾಗ ಮಾತಾಡಿ ರೂಢಿ ಮಾಡ್ಕೋರಿ. ಹಾಡಾಕ ಅವಸರ ಮಾಡಬ್ಯಾಡ್ರಿ,” ಎಂದು ದೌಲತರಾಯರು ಹೇಳಿ ಕಳಿಸಿದರು.

ಸೈದಪ್ಪನಿಗೆ ತಡೆಯಲಾಗಲಿಲ್ಲ. ಆ ವಾರವೇ ಅಮಾವಾಸ್ಯೆ ಬಂತು. ತಂಬೂರಿ ಹಿಡಿದು ಕುಳಿತ. ಮೊದಲ ನುಡಿಯಲ್ಲೇ ‘ಸ’ ಬಂದಲ್ಲೆಲ್ಲ ಹಲ್ಲಿನ ಸಂದಿಯಿಂದ ಸುಯ್ಯೆಂದು ಸಿಳ್ಳೆ ಹೊರಟಿತು. ತಾಳದವರು ಒಬ್ಬರ ಮುಖ ಒಬ್ಬರು ನೋಡಿದರು. ಅವನು ಇನ್ನೂ ಜೋರಾಗಿ ಹಾಡಿದ, ಸಿಳ್ಳೆಯೂ ಜೋರಾಯಿತು.

“ಸೈದಪ್ಪನ ಬಾಯಾಗ ರೈಲ್ ಬಂತ್ ನೋಡ್ರೋ!” ಎಂದು ಹಿಂದಿನಿಂದ ಯಾರೋ ಕೂಗಿದರು. ಮಠವೆಲ್ಲ ನಕ್ಕಿತು. ಸ್ವಾಮಿಗಳು ಕೂಡ ತಲೆ ಕೆಳಗೆ ಹಾಕಿಕೊಂಡು ನಗು ನುಂಗಿದರು.

ಸೈದಪ್ಪ ಎಲ್ಲರೆದುರಿಗೇ ಹಲ್ಲು ಕಿತ್ತು ಧೋತರದ ತುದಿಯಲ್ಲಿ ಕಟ್ಟಿಕೊಂಡು ಎದ್ದು ಬಂದ. ಮುಂದಿನ ಕ್ಯಾಂಪಿಗೆ ಹೊರಟಿದ್ದ ಊರವನೊಬ್ಬನ ಕೈಯಲ್ಲಿ ಅವುಗಳನ್ನು ವಾಪಸು ಕಳಿಸಿದ. “ಇವನ್ನ ನಿಮ್ಮ ಬಾಯಾಗ ಇಟ್ಕೋರಿ ಅಂತ ಹೇಳು. ಮಂದ್ಯಾಗ ನನ್ನ ಮಾರಿ ಕಳದ್ರು.”

ಮರುವಾರವೇ ದೌಲತರಾಯರು ಅತನೂರಿಗೆ ಬಂದರು. ದೂರದಿಂದ ಅವರನ್ನು ನೋಡಿ ಸೈದಪ್ಪ ಆಳೆತ್ತರ ಬೆಳೆದ ಜೋಳದೊಳಗೆ ನುಸುಳಿದ. “ಊರಾಗಿಲ್ಲ ಅನ್ನು,” ಎಂದು ಸಾಬಮ್ಮನಿಗೆ ಹೇಳಿಟ್ಟಿದ್ದ. ಅವಳು ಹಾಗೆಯೇ ಹೇಳಿದಳು. ಅವರು ಕಟ್ಟೆಯ ಮೇಲೆ ಕುಳಿತು ಅವಳು ಕೊಟ್ಟ ಚಹಾ ಕುಡಿದರು.

“ತಪ್ಪು ಕಾಕಾಂದಲ್ರಿ, ನಂದು,” ಎಂದರು. “ಮುಂದಿನ ಹಲ್ಲಿನ ಹಿಂದ ದಪ್ಪ ಮಾಡಿಬಿಟ್ಟೆ, ನಾಲಿಗಿಗೆ ಜಾಗಾ ಸಾಲಲಿಲ್ಲ. ಮೊದಲ ಅವರ ಹಾಡ ಕೇಳಬೇಕಾಗಿತ್ತು, ಆಮ್ಯಾಲ ಹಲ್ಲ ಮಾಡಬೇಕಾಗಿತ್ತು. ಒಂದ ಸಲ ಬರಾಕ ಹೇಳ್ರಿ.”

ಸುಗ್ಗಿ ಮುಗಿದ ಮೇಲೆ ಮತ್ತೊಮ್ಮೆ ಬಂದರು. ಈ ಸಲ ಹೊಲ ಬಯಲಾಗಿತ್ತು, ಅಡಗಲು ಜಾಗವಿರಲಿಲ್ಲ. ರಸ್ತೆಯಲ್ಲಿ ನಿಂತು “ಕಾಕಾ!” ಎಂದು ಕೂಗಿ ಕೈ ಎತ್ತಿದರು. ಸೈದಪ್ಪ ನೋಡಿದ. ನೋಡಿಯೂ ಬೆನ್ನು ತಿರುಗಿಸಿ ಎತ್ತು ಹೊಡೆದುಕೊಂಡು ಹೋದ. ಆಮೇಲೆ ಅವರು ಬರಲಿಲ್ಲ. ಸೈದಪ್ಪ ಮಠಕ್ಕೆ ಹೋಗುವುದನ್ನೂ ಬಿಟ್ಟ.

ಇವೆಲ್ಲ ಆಗಿ ಎಂಟು ವರ್ಷವಾಗಿತ್ತು. ಬದುವಿನ ಮೇಲೆ ಲಾಡ್ಲೆಸಾಬ ಅವನ ಪಕ್ಕ ಕುಳಿತ.

“ಒಂದ್ ಮಾತ್ ನಿನಗ ಹೇಳಿಲ್ಲ,” ಎಂದ. “ನನಗ ಹಲ್ಲ ಕಟ್ಟೋ ಮುಂದ ಸಾಹೇಬ್ರು ಏನ್ ಮಾಡಿದ್ರು ಗೊತ್ತೈತಿ? ನಾ ಮಸೀದ್ಯಾಗ ಬಾಂಗ ಕೊಡ್ತೇನಿ ಅಂತ ಕೇಳಿ, ಬಾಂಗ ಹೊತ್ತಿಗೆ ಬಂದು ಹೊರಗ ನಿಂತು ಕೇಳಿದ್ರು. ಅತನೂರ ಸೈದಪ್ಪಗ ಹಿಂಗ ಮಾಡಲಿಲ್ಲ, ಕೆಟ್ಟೆ ಅಂದ್ರು. ಅವರ ಹೆಸರ ಎತ್ತಿದ್ರ ನೀ ಸಿಟ್ಟಿಗೇಳ್ತಿದ್ದಿ. ಅದಕ್ಕ ಹೇಳಲಿಲ್ಲ.”

“ಹೇಳಬೇಕಾಗಿತ್ತಲೇ,” ಎಂದ ಸೈದಪ್ಪ.

“ಹೇಳಿದ್ರ ಹೋಗ್ತಿದ್ದೇನು?”

ಸೈದಪ್ಪ ಎದ್ದು ಸಿವುಡು ಬಿಚ್ಚಿ ಎತ್ತುಗಳ ಮುಂದೆ ಹರಡಿದ.

ಆಳಂದದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಇಬ್ಬರೂ ಹೋದರು. ಶಾಮಿಯಾನದ ತುಂಬ ಜನ. ಬಹಳಷ್ಟು ಮಂದಿ ದೌಲತರಾಯರೇ ಕಟ್ಟಿದ ಹಲ್ಲಿನವರು. ಕಾಲೇಜಿನವರು ಮಾತಾಡಿದರು, ವ್ಯಾಪಾರಸ್ಥರು ಮಾತಾಡಿದರು. ಕೊನೆಗೆ ಈಗ ತಾನೂ ಡಾಕ್ಟರಾಗಿ ಪಾಠ ಹೇಳುತ್ತಿದ್ದ ಮೆಹರಾಜಬೇಗಂ ಎದ್ದಳು.

“ನಮ್ಮ ಸರ್ ಅವರ ಕೆಲಸ ದೂರದೂರದ ಊರಿನವರು ಓದಿ ಮೆಚ್ಚಿಕೊಂಡರು,” ಎಂದಳು. “ಆದರೆ ಅದಕ್ಕೆ ದಾರಿ ಸಿಕ್ಕದ್ದು ಅವರ ಒಂದು ತಪ್ಪಿನಿಂದ. ಅತನೂರಿನ ಒಬ್ಬ ಹಾಡುಗಾರರಿಗೆ ಮಾಡಿಕೊಟ್ಟ ಹಲ್ಲು ಕೆಟ್ಟಿತು. ಅದನ್ನು ಅವರು ಎಂದೂ ಮುಚ್ಚಿಡಲಿಲ್ಲ. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಮೊದಲ ದಿನ ಅದನ್ನೇ ಹೇಳುತ್ತಿದ್ದರು.”

ಲಾಡ್ಲೆಸಾಬನಿಗೆ ಸುಮ್ಮನಿರಲಾಗಲಿಲ್ಲ. ಎದ್ದು ನಿಂತು, “ಆ ಹಾಡೋ ಸೈದಪ್ಪ ಇಲ್ಲೇ ಇದ್ದಾನ್ರಿ!” ಎಂದು ಕೂಗಿದ.

ಜನ ದಾರಿ ಬಿಟ್ಟರು. ಸೈದಪ್ಪನನ್ನು ಮೈಕಿನ ಮುಂದೆ ನಿಲ್ಲಿಸಿದರು. ಅವನು ಟವೆಲ್ಲು ಕೈಗೆ ಸುತ್ತಿಕೊಂಡು ಮಾತಾಡಿದ. ಎಷ್ಟೋ ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಹೇಳಿದ. ಆದರೆ ಬರೀ ವಸಡಿನ ಮಾತು ಮೈಕಿನಲ್ಲಿ ಬಿದ್ದು ಇನ್ನಷ್ಟು ಕಲಸಿಹೋಯಿತು. ಒಂದೆರಡು ಕಡೆ ‘ಸಾಹೇಬ್ರು’ ಎಂಬಂತೆ ಕೇಳಿತಷ್ಟೇ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ, ಸತ್ತವರನ್ನು ಹೊಗಳುತ್ತಿದ್ದಾನೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ಸೈದಪ್ಪ ಮಾತು ಅರ್ಧಕ್ಕೇ ನಿಲ್ಲಿಸಿ ಇಳಿದುಬಿಟ್ಟ.

ಸಭೆ ಮುಗಿದ ಮೇಲೆ ಮೆಹರಾಜಬೇಗಂ ಅವನನ್ನೂ ಲಾಡ್ಲೆಸಾಬನನ್ನೂ ದೌಲತರಾಯರ ಮನೆಗೆ ಕರೆದುಕೊಂಡು ಹೋದಳು. ಹೆಂಡತಿ ಗೌರಾಬಾಯಿ ಜಮಖಾನದ ಮೇಲೆ ಕುಳಿತಿದ್ದರು. ಸೈದಪ್ಪನನ್ನು ನೋಡಿ ಎದ್ದು ಒಳಗೆ ಹೋಗಿ ಒಂದು ಸಣ್ಣ ಡಬ್ಬಿ ತಂದರು. ಅರಳೆಯ ನಡುವೆ ಒಂದು ಜೊತೆ ಹಲ್ಲು ಇತ್ತು.

“ನಿಮ್ಮವು,” ಎಂದರು. “ಮೊದಲ ತಗದಿದ್ದ ಅಚ್ಚು ಇತ್ತಲ್ರಿ, ಅದರ ಮ್ಯಾಲ ತಿದ್ದಿ ಮತ್ತ ಮಾಡಿದ್ರು. ಕಾಕಾ ಬಂದ್ರ ಕೊಡೂದು ಅಂತಿದ್ರು.”

ಮೆಹರಾಜಬೇಗಂ ಹಲ್ಲನ್ನು ತೊಳೆದು ಅವನ ಬಾಯಲ್ಲಿಟ್ಟು ನೋಡಿದಳು. ಮೇಲಿನದು ಜಾರಿ ನಾಲಿಗೆಯ ಮೇಲೆ ಬಿತ್ತು. ಕೆಳಗಿನದು ನಿಲ್ಲಲೇ ಇಲ್ಲ.

“ಕೂಡೂದಿಲ್ಲೇನವ್ವಾ?”

“ಹಲ್ಲಿಲ್ಲದ ವಸಡು ವರ್ಷಾ ಹೋದಂಗ ಸವೀತದ ಕಾಕಾ. ಆಗ ಬಂದಿದ್ರ...” ಎಂದವಳು ಮಾತು ನುಂಗಿಕೊಂಡಳು. “ಹೊಸಾದ್ ನಾ ಮಾಡಿಕೊಡ್ತೇನಿ. ಅಫಜಲಪುರ ಕ್ಯಾಂಪ್ ನಿಲ್ಲಂಗಿಲ್ಲ.”

ಸೈದಪ್ಪ ಹಲ್ಲನ್ನು ಅಂಗೈಯಲ್ಲಿ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಮುಂದಿನ ಹಲ್ಲಿನ ಹಿಂದೆ ಅಂಚನ್ನು ಎಷ್ಟು ನಯವಾಗಿ ತೆಳ್ಳಗೆ ಮಾಡಿದ್ದರು!

“ಸಭಾದಾಗ ನೀವು ಏನಂದ್ರಿ, ನನಗ ತಿಳೀಲಿಲ್ಲ,” ಎಂದರು ಗೌರಾಬಾಯಿ. “ಈಗ ಹೇಳ್ರಿ. ಸಾವಕಾಶ ಹೇಳ್ರಿ.”

ಅವರು ಹತ್ತಿರ ಸರಿದು ಕುಳಿತರು. ಸೈದಪ್ಪ ಒಂದೊಂದೇ ಮಾತನ್ನು ಬಿಡಿಸಿ ಹೇಳಿದ.

“ಸಾಹೇಬ್ರು ನನ್ನ ಮನಿ ಬಾಗಲಾ ತನಕ ಬಂದ್ರು. ನಾ ಊರಾಗ ಇದ್ದೂ ಇಲ್ಲ ಅನಿಸಿದೆ. ಎರಡನೇ ಸಲಾ ಎದುರಿಗೇ ಬೆನ್ನ ಮಾಡಿದೆ. ಮಂದಿ ನಕ್ಕದ್ದು ಒಂದ್ ತಾಸು. ನಾ ಸಿಟ್ಟ ಹಿಡದದ್ದು ಇಷ್ಟ ವರ್ಷ. ತಪ್ಪಾತು ಅಂತ ಹೇಳಾಕ ಬಂದಿದ್ದೆ.”

ಗೌರಾಬಾಯಿ ಡಬ್ಬಿಯ ಮುಚ್ಚಳವನ್ನು ಸೆರಗಿನಿಂದ ಒರೆಸಿದರು. ಸಮಾಧಾನದ ಮಾತು ಬರುತ್ತದೆಂದು ಮೆಹರಾಜಬೇಗಂ ಕಾದಳು.

“ನಿಮ್ಮ ಮ್ಯಾಲ ನನಗ ಸಿಟ್ಟಿತ್ರಿ,” ಎಂದರು ಅವರು. “ಅತನೂರಿಂದ ಬಂದವತ್ತು ಅವರು ಉಣ್ಣಲಿಲ್ಲ. ಒಬ್ಬಾಂವ ಬರಲಿಲ್ಲಂದ್ರ ಏನಾತು, ಸಾವಿರ ಮಂದಿ ಬರ್ತಾರ ಅಂದೆ. ಆ ಒಬ್ಬಾಂವಂದ ನಾ ಕೆಡಿಸೇನಿ ಅಂದ್ರು. ಈಗ ಸಿಟ್ಟಿಲ್ಲ. ಆದ್ರ ಈ ಮಾತು ನಾ ಕೇಳಿದ್ರ ಏನ್ ಬಂತು? ಅವರು ಕೇಳಬೇಕಾಗಿತ್ತು.”

“ಹೌದ್ರಿ ಅವ್ವಾರ,” ಎಂದ ಸೈದಪ್ಪ. “ಇವನ್ನ ನಾ ಒಯ್ಲೇನ್ರಿ?”

“ಬ್ಯಾಡ್ರಿ. ನಿಮ್ಮ ಬಾಯಿಗಂತೂ ಬರಂಗಿಲ್ಲ. ಅವರ ಕೈಲೆ ಮಾಡಿದ್ದು, ನನ್ನ ಕಡೆ ಇರಲಿ.”

ಅವನು ಹಲ್ಲನ್ನು ಅರಳೆಯ ಮೇಲೆ ಮೆಲ್ಲಗೆ ಇಟ್ಟುಕೊಟ್ಟ. ಗೌರಾಬಾಯಿ ಇಬ್ಬರೂ ದೋಸ್ತರಿಗೆ ಊಟ ಮಾಡಿಸದೆ ಬಿಡಲಿಲ್ಲ. ಸೈದಪ್ಪನ ತಾಟಿನಲ್ಲಿ ರೊಟ್ಟಿಯನ್ನು ತಾವೇ ಮುರಿದು, ಬಿಸಿ ಹಾಲಿನಲ್ಲಿ ನೆನೆಹಾಕಿ, ಮೆತ್ತಗಾಗುವ ತನಕ ಕಾದು ಕೊಟ್ಟರು. ಅವನು ತಲೆ ಎತ್ತದೆ ಉಂಡ.

ಆ ಮಳೆಗಾಲದಲ್ಲಿ ಮೆಹರಾಜಬೇಗಂ ಅವನ ಬಾಯಿಗೆ ಹೊಸ ಹಲ್ಲು ಕಟ್ಟಿದಳು. ಸವೆದ ವಸಡಿಗೆ ಕೆಳಗಿನದು ಪೂರಾ ಬಿಗಿಯಾಗಲಿಲ್ಲ. ಆದರೆ ಸಿಳ್ಳೆ ಬರಲಿಲ್ಲ. ಶ್ರಾವಣದಲ್ಲಿ ಸೈದಪ್ಪ ಮಠದಲ್ಲಿ ಕುಳಿತು ಹಾಡಿದ. ಅಷ್ಟೊತ್ತಿಗೆ ಅವನ ದನಿಯೂ ಇಳಿದಿತ್ತು. ಮೇಲಿನ ಸ್ವರಕ್ಕೆ ಉಸಿರು ಸಾಲುತ್ತಿರಲಿಲ್ಲ. ಎರಡು ಪದ ಹಾಡಿ ತಂಬೂರಿ ಕೆಳಗಿಟ್ಟ.

“ಮಾತು ಎಷ್ಟ್ ಸ್ವಚ್ಛ ಬಂದಾವ!” ಎಂದರು ಹತ್ತಿರ ಕುಳಿತವರು. “ಇನ್ನೊಂದ್ ಆಗಲಿ ಸೈದಪ್ಪಾ.”

“ಸಾಕು. ಇನ್ನ ಆಗಂಗಿಲ್ಲ,” ಎಂದು ಸೈದಪ್ಪ ಎದ್ದು, ಸಾಬಮ್ಮ ಕುಳಿತಿದ್ದ ಕಡೆಗೆ ನಡೆದ.