ಚೌಕ ಕಾಂಡದ ಗಿಡ

ಶೈಲಜಾ ಮಗಳನ್ನು ಕರೆದುಕೊಂಡು ರೆಡ್‌ವುಡ್ ಸಿಟಿಯ ಅಪಾರ್ಟ್‌ಮೆಂಟಿಗೆ ಹೋಗಿ ಏಳು ತಿಂಗಳಾಗಿತ್ತು. ಡ್ಯಾನ್‌ವಿಲ್‌ನ ಮನೆಯಲ್ಲಿ ಶೇಷಗಿರಿ ಒಬ್ಬನೇ ಉಳಿದಿದ್ದ. ಶನಿವಾರ ಎಂಟು ವರ್ಷದ ವಾರುಣಿಯನ್ನು ಕರೆತಂದು ಭಾನುವಾರ ಬಿಟ್ಟುಬರುವಾಗ ಬಾಗಿಲಲ್ಲಿ ಆಡುವ ನಾಲ್ಕು ಮಾತು ಬಿಟ್ಟರೆ ಗಂಡಹೆಂಡಿರ ನಡುವೆ ಮಾತಿರಲಿಲ್ಲ.

೧೯೮೬ರ ನವೆಂಬರಿನ ಒಂದು ಬೆಳಿಗ್ಗೆ ರೇಡಿಯೋದಲ್ಲಿ, ಈ ವಾರ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬೀಳುತ್ತದೆ, ನಾಜೂಕು ಗಿಡಗಳನ್ನು ಒಳಗಿಡಿ ಎಂದರು. ಬೇಲಿಯ ಪಕ್ಕ ಶೈಲಜಾ ನೆಟ್ಟಿದ್ದ ಗಿಡವೊಂದಿತ್ತು. ಎಲೆಯ ನಡುವೆ ಕಡುಗೆಂಪು, ಅಂಚಿಗೆ ತಿಳಿಹಸಿರು. ಹೆಸರು ಅವನಿಗೆ ಗೊತ್ತಿರಲಿಲ್ಲ. ಫೋನ್ ಮಾಡಿದ.

"ಬೇಲಿ ಹತ್ರ ಇರೋ ಕೆಂಪೆಲೆ ಗಿಡ, ಅದೇನು ಶೈಲಾ?"

"ಅಲ್ಲಿ ಎರಡಿವೆ. ಕಾಂಡ ಮುಟ್ಟಿ ನೋಡಿ. ತುಳಸಿ ಕಡ್ಡಿ ಥರ ಚೌಕಾಗಿದ್ರೆ ಕೋಲಿಯಸ್ಸು. ದುಂಡಗಿದ್ರೆ ಬೇರೇದು, ಅದಕ್ಕೇನೂ ಆಗಲ್ಲ."

ರಿಸೀವರನ್ನು ಕಟ್ಟೆಯ ಮೇಲಿಟ್ಟು ಹಿತ್ತಲಿಗೆ ಓಡಿದ. ಬೆರಳಿಗೆ ನಾಲ್ಕು ಅಂಚು ಸಿಕ್ಕವು. ವಾಪಸು ಬರುವಷ್ಟರಲ್ಲಿ ಅವಳು ಫೋನ್ ಇಟ್ಟಿರುತ್ತಾಳೆ ಅಂದುಕೊಂಡಿದ್ದ. ಇಟ್ಟಿರಲಿಲ್ಲ.

"ಚೌಕಾನೇ."

"ಹಾಗಾದ್ರೆ ಫ್ರಾಸ್ಟಿಗೆ ಉಳಿಯಲ್ಲ. ತುದಿಯಿಂದ ನಾಲ್ಕು ಬೆರಳು ಕಟ್ ಮಾಡಿ, ಕೆಳಗಿನ ಎಲೆ ಕಿತ್ತು ನೀರಲ್ಲಿಡಿ. ಎಲೆ ಮುಳುಗಬಾರದು."

"ಹೋದ ವರ್ಷ ಏನ್ಮಾಡಿದ್ದೆ?"

"ಅದನ್ನೇ. ನಿಮ್ಮ ಕಾಫಿ ಫಿಲ್ಟರ್ ಪಕ್ಕದಲ್ಲೇ ನಾಲ್ಕು ತಿಂಗಳಿತ್ತು."



ಐದು ತುಂಡು ಕತ್ತರಿಸಿ, ನೀರಿನ ಲೋಟಗಳಲ್ಲಿ ಹಾಕಿ ಅಡಿಗೆಮನೆ ಕಿಟಕಿಯಲ್ಲಿಟ್ಟ. ಮೂರು ಕೊಳೆತವು. ಆಮೇಲೆ ದಿನ ಬಿಟ್ಟು ದಿನ, ಆಫೀಸಿಗೆ ಹೊರಡುವ ಮುಂಚೆ, ನೀರು ಬದಲಾಯಿಸತೊಡಗಿದ. ಡಿಸೆಂಬರಿನ ಹೊತ್ತಿಗೆ ಹೊರಗಿನ ಗಿಡ ಕಪ್ಪಾಗಿ ಕರಗಿತು. ಒಳಗೆ ಎರಡು ತುಂಡುಗಳು ಬಿಳಿ ಬೇರು ಬಿಟ್ಟವು. "ಸೆವೆನ್ ರೂಟ್ಸ್, ಅಪ್ಪಾ!" ಎಂದು ವಾರುಣಿ ಲೋಟ ಎತ್ತಿ ತೋರಿಸಿದಳು.

ಎಲೆ ಹಳದಿಯಾಯಿತು ಎಂದು, ಮಣ್ಣಿಗೆ ಯಾವಾಗ ಹಾಕಲಿ ಎಂದು, ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಅವಳು ಬೇಸರಿಸದೆ ಹೇಳುತ್ತಿದ್ದಳು. ಒಮ್ಮೆ ನಕ್ಕೂ ಇದ್ದಳು. ಆ ಒಂದು ನಗುವನ್ನೇ ನಂಬಿಕೊಂಡು ಶೇಷಗಿರಿ ಚಳಿಗಾಲವಿಡೀ ಕಳೆದ.

ಮಾರ್ಚಿನ ಮೊದಲ ಶನಿವಾರ ಚೆನ್ನಾಗಿ ಬಂದಿದ್ದ ಒಂದು ಕುಂಡವನ್ನು ಅವಳ ಬಾಗಿಲಿಗೆ ಒಯ್ದ. ಶೈಲಜಾ ಅದನ್ನು ಕೈಗೆ ತೆಗೆದುಕೊಂಡು ಎಲೆಯನ್ನು ತಿರುಗಿಸಿ ನೋಡಿದಳು.

"ಉಳಿಸಿದ್ರಲ್ಲ," ಎಂದಳು.

"ಮನೆಗೆ ಬಾ ಶೈಲಾ. ನೀನೇ ನೆಡು."

"ಹತ್ತು ವರ್ಷ ಆ ಹಿತ್ತಲಲ್ಲೇ ಇದ್ದೆ. ಒಂದ್ಸಲ, ಇದೇನು ಗಿಡ ಅಂತ ಕೇಳಿದ್ರೆ ಸಾಕಿತ್ತು."

"ಈಗ ಕೇಳಿದೆನಲ್ಲ."

"ಕೇಳಿದ್ರಿ. ನಂಗೂ ಖುಷಿ ಆಯ್ತು." ಅವಳ ಕಣ್ಣು ತುಂಬಿತ್ತು. "ಆದ್ರೆ ನಾನು ಬರಲ್ಲ ರೀ. ಆಗಲ್ಲ ನನ್ನ ಕೈಲಿ. ಲಾಯರ್ ಪೇಪರ್ಸು ಮುಂದಿನ ವಾರ ಬರುತ್ತೆ, ಸೈನ್ ಮಾಡಿಬಿಡಿ."

ಅವನು ಕುಂಡಕ್ಕೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಇದು ಇಲ್ಲಿರಲಿ," ಎಂದಳು.

ವಾರುಣಿ ಚೀಲ ಹೆಗಲಿಗೇರಿಸಿ ಹೊರಬಂದಳು. ಶೇಷಗಿರಿ ಅವಳ ಕೈಹಿಡಿದು ಮೆಟ್ಟಿಲಿಳಿದ. ಕಾರಿನಲ್ಲಿ ಕುಳಿತು ಕೀಲಿ ತಿರುಗಿಸಲಾಗದೆ ಸ್ಟೀರಿಂಗಿಗೆ ಹಣೆಯಿಟ್ಟ. ಮಗಳು ಅವನ ಅಂಗಿಯ ತೋಳನ್ನು ಹಿಡಿದು ಕೂತಳು.