ಆಹಾರ: ಮೀನಿನ ಮೊಟ್ಟೆ

ಹಳದಿ ಮೊಟ್ಟೆಯೊಂದು ಒದ್ದೆ ಸಿಮೆಂಟಿನ ಮೇಲೆ ಉರುಳಿ ಬಂದು ನನ್ನ ಚಪ್ಪಲಿಗೆ ತಾಗಿ ನಿಂತಿತು, ಗೋಲಿಯಷ್ಟು ದೊಡ್ಡದು, ಮೀನಿನ ಮೊಟ್ಟೆ ಇಷ್ಟು ದಪ್ಪ ಇರುತ್ತದೆಂದರೆ ಯಾರೂ ನಂಬುವುದಿಲ್ಲ, ಈ ಅಭಿಜಿತ್ ನಂಬಿಯೂ ಕೆಡಿಸಿದ್ದಾನೆ — ಮೀನುಗಾರಿಕೆ ಕಚೇರಿಗೆ ಸೇರಿ ಮೂರು ತಿಂಗಳು, ಬಂಗುಡೆ ಯಾವುದು ಬೂತಾಯಿ ಯಾವುದು ತಿಳಿಯುವುದಕ್ಕೇ ಎರಡು ತಿಂಗಳು, ಇವತ್ತು ವಿಳಿಂಜಂ ಬಂದರಿನಲ್ಲಿ ಮೀಸೆಯಿರುವ ತೇಡೆ ಮೀನಿನ ಬಾಯಿ ಬಿಡಿಸಿ ನೋಡಿ ನಮೂನೆಯಲ್ಲಿ ಚಂದದ ಅಕ್ಷರದಲ್ಲಿ ಬರೆದಿದ್ದಾನೆ, ಆಹಾರ: ಮೀನಿನ ಮೊಟ್ಟೆ. ಬಾಯಲ್ಲೇ ಇತ್ತಲ್ಲ ಮೇಡಂ, ಅಂದ್ರೆ ತಿಂತಾ ಇತ್ತು ಅಂತಾನೇ ಅಲ್ವಾ. ನಮ್ಮ ಮಲ್ಪೆಯಲ್ಲಿ ಬುಟ್ಟಿ ಹೊರುವ ಮೋಹಿನಿಯಕ್ಕನಿಗೆ ಗೊತ್ತಿರುವುದು ಈ ಎಂ.ಎಸ್ಸಿ.ಗೆ ಗೊತ್ತಿಲ್ಲ. ತಿನ್ನುವುದಂತೆ — ತಿನ್ನುವುದು ಅಂದರೆ ಏನೆಂದು ನಮ್ಮ ಮನೆಗೆ ಬಂದು ನೋಡಲಿ, ಕಿಶೋರ್ ಎಂಬ ನನ್ನ ಗಂಡ ಐಟಿ ಪಾರ್ಕಿನ ಕೆಲಸ ಬಿಟ್ಟು ಎರಡು ವರ್ಷವಾಯಿತು, ಮಗುವಿಗೆ ಆರು ತಿಂಗಳಿದ್ದಾಗ ಬಿಟ್ಟದ್ದು, ಧ್ರುವನನ್ನು ನಾನು ನೋಡ್ಕೊಳ್ತೇನೆ ನೀನು ಹೋಗು ಅಂದ, ಹೋದೆ, ದುಡಿದು ತಂದು ಹಾಕುತ್ತಿದ್ದೇನೆ. ಅಮ್ಮ ಫೋನಿನಲ್ಲಿ ಹೇಳುವುದು ಸುಳ್ಳೇ, ಗಂಡಸು ಮನೇಲಿ ಕೂತ್ರೆ ಎಂತ ಮಾಡ್ತಾನೆ ಮಾರಾಯ್ತಿ, ತಿನ್ನುದು ಮಲಗುದು, ನೀನು ಮಗುವನ್ನು ಕರ್ಕೊಂಡು ಕೊಚ್ಚಿಗೆ ಹೋಗು, ನಾನು ಅಲ್ಲಿಗೇ ಬರ್ತೇನೆ. ಕೊಚ್ಚಿಗೆ ವರ್ಗವಾಗಿದೆ, ಪಾಲಾರಿವಟ್ಟಂನಲ್ಲಿ ಮನೆ ನೋಡಿಯಾಯಿತು, ನಾಳೆ ಬೆಳಗಿನ ರೈಲು, ಎರಡೇ ಟಿಕೆಟ್, ನನಗೊಂದು, ಸೀಟು ಸಿಗಲೆಂದು ಧ್ರುವನಿಗೊಂದು, ಕಿಶೋರನಿಗೆ ಇನ್ನೂ ಹೇಳಿಲ್ಲ, ಸಂಜೆ ಹೇಳಿದರಾಯಿತು, ಜಗಳವಾಡುವ ತಾಕತ್ತಾದರೂ ಅವನಿಗೆ ಎಲ್ಲಿದೆ. ಬೆಳಿಗ್ಗೆ ನೋಡಿದೆ, ಮದುವೆಗೆ ನಾನೇ ತಂದ ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿಕೊಂಡಿದ್ದಾನೆ, ಅಂಚೆಲ್ಲ ಹರಿದು, ಒಳ್ಳೆ ಬೆಲ್ಟನ್ನು ಹೀಗೆ ಹಾಳು ಮಾಡುದಾ ಅಂದೆ, ಲೂಸಾಗ್ತದೆ ಅಂದ, ಅಷ್ಟೆ. ಕೆಲಸವಿಲ್ಲದ ಬಡಗಿ ಮಗುವಿನ ಏನನ್ನೋ ಕೆತ್ತಿದನಂತೆ, ಇವನು ಬೆಲ್ಟು ಕೆತ್ತುತ್ತಾನೆ.

ಬೂತಾಯಿಯೇ ವಾಸಿ, ಲೆಕ್ಕವಿಲ್ಲದಷ್ಟು ಮೊಟ್ಟೆ ನೀರಿಗೆ ಸುರಿದು ಹೋಗುತ್ತದೆ, ಬದುಕಿದ್ದು ಬದುಕಲಿ, ಗಂಡನ ಮುಖ ನೋಡುವ ಕರ್ಮವಿಲ್ಲ. ಕೊಡು ಇಲ್ಲಿ ಚಾಕು, ಅಭಿಜಿತ್, ನೋಡು, ಇದು ಗಂಡು, ಹೆಣ್ಣು ಮೊಟ್ಟೆಯಿಟ್ಟು ತನ್ನ ದಾರಿ ಹಿಡಿದಿದೆ, ಇವನು ಎಲ್ಲವನ್ನೂ ಬಾಯಲ್ಲಿಟ್ಟುಕೊಂಡು ಮರಿಯಾಗುವವರೆಗೆ ತಿರುಗುತ್ತಾನೆ, ವಾರಗಟ್ಟಲೆ, ನುಂಗಿದರೆ ಮಕ್ಕಳು ಹೋದವು, ಅದಕ್ಕೇ ಏನೂ ತಿನ್ನುವುದಿಲ್ಲ, ಬಾಯಲ್ಲಿರುವುದೆಲ್ಲ ಊಟ ಅಂತ ಬರೆಯಬಾರದು, ಹೊಟ್ಟೆ ಕೊಯ್ದು ನೋಡಬೇಕು. ಕೊಯ್ದೆ. ಜಠರ ಸುಕ್ಕುಗಟ್ಟಿ ಬೆರಳಿನಷ್ಟೇ ಆಗಿದೆ, ಒಳಗೆ ಒಂದು ಸೀಗಡಿಯ ಸಿಪ್ಪೆಯೂ ಇಲ್ಲ. ಓಹ್, ನಾನು ಉಲ್ಟಾ ತಿಳ್ಕೊಂಡಿದ್ದೆ ಮೇಡಂ. ಉಲ್ಟಾವೇ, ಕಣ್ಣು ಎಲ್ಲಿಟ್ಟಿದ್ದೆ, ಮೀನು ಎಷ್ಟು ಬಡಕಲಾಗಿದೆ ಕಾಣುವುದಿಲ್ಲವೇ — ಕಾಣುವುದಿಲ್ಲವೇ ಅಂತ ನಾನು ಹೇಳಿದೆ, ನಾನೇ. ಧ್ರುವ ಒಂದೊಂದು ತುತ್ತಿಗೂ ತುಟಿ ಬಿಗಿಹಿಡಿಯುತ್ತಾನೆ, ವೇಂಡ ವೇಂಡ, ಬೇಡ ಅನ್ನುವುದಕ್ಕೂ ಮಲಯಾಳದ ಹಟ, ಕಿಶೋರ್ ತಟ್ಟೆ ಹಿಡಿದು ಬಾಲ್ಕನಿ, ಮೆಟ್ಟಿಲು, ಮತ್ತೆ ಬಾಲ್ಕನಿ, ನೀನು ಉಂಡ್ಯಾ ಅಂದರೆ ಇವನದ್ದಾಗ್ಲಿ, ಆಮೇಲೆ, ಆ ಆಮೇಲೆಯನ್ನು ನಾನು ಎರಡು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ, ನಾಟಕ ಅಂದುಕೊಂಡು ಮಲಗಿದ್ದೇನೆ, ಬೆಳಿಗ್ಗೆ ಸಿಂಕಿನಲ್ಲಿ ಇರುತ್ತಿದ್ದದ್ದು ನನ್ನದೊಂದು ತಟ್ಟೆ, ಮಗುವಿನದೊಂದು ಬಟ್ಟಲು, ಇನ್ನೊಂದು ತಟ್ಟೆ — ಇರಲಿಲ್ಲ. ಹೊಟ್ಟೆಯ ಕಾಲಂನಲ್ಲಿ ಏನು ಬರೀಲಿ ಮೇಡಂ. ಬರೆ. ಖಾಲಿ ಅಂತ ಬರೆ. ಪೆನ್ನು ಓಡುತ್ತಿದೆ, ಟಿಕೆಟ್ ಎರಡೇ, ಮೊಳೆ ಹೊಡೆದ ತೂತು, ಹರಿದ ಅಂಚು, ಬೆಲ್ಟಿನ ಕಂಪನಿ ಕೊಟ್ಟ ಕೊನೆಯ ತೂತಿನಿಂದ ಎರಡು ಬೆರಳು ಒಳಗೆ, ಆ ತೂತು.